ಅಳತೆ ಪುಸ್ತಕದ ಸಹಿ, ಅಮಾನತಿನ ಆದೇಶ

ಬೆಂಗಳೂರಿನಲ್ಲಿ ರಸ್ತೆ ಕುಸಿದಾಗ, ಕಾಮಗಾರಿ ಸ್ಥಳದಲ್ಲಿ ಜೀವಹಾನಿ ಸಂಭವಿಸಿದಾಗ ಹೊರಬೀಳುವ ಮೊದಲ ಆದೇಶ ಬಹುಮಟ್ಟಿಗೆ ಒಂದೇ: ಉಸ್ತುವಾರಿ ಹೊತ್ತಿದ್ದ ಎಂಜಿನಿಯರ್ ಅಮಾನತು. 2023ರ ಜನವರಿ 10ರಂದು ನಾಗವಾರದ ಬಳಿ ಮೆಟ್ರೊ ಕಂಬಕ್ಕಾಗಿ ನಿಲ್ಲಿಸಿದ್ದ ಕಬ್ಬಿಣದ ಕಂಬಿಗಳ ಪಂಜರ ಉರುಳಿ ತಾಯಿ ಮತ್ತು ಪುಟ್ಟ ಮಗು ಮೃತಪಟ್ಟಾಗಲೂ ಇದೇ ಕ್ರಮ ಅನುಸರಿಸಲಾಯಿತು. ಅಂಥ ದುರಂತದ ನಂತರ ಅಮಾನತು ಬೇಡವೆನ್ನಲು ಯಾರಿಗೂ ನಾಲಿಗೆ ಏಳದು. ಆದರೆ ಆದೇಶ ಹೊರಬಿದ್ದ ಕೂಡಲೇ ಸಾರ್ವಜನಿಕ ಚರ್ಚೆಯೂ ಮುಗಿದುಹೋಗುತ್ತದೆ. ಉಸ್ತುವಾರಿ ಎಂಜಿನಿಯರ್ ಕೈಯಲ್ಲಿ ಏನಿತ್ತು, ಏನಿರಲಿಲ್ಲ ಎಂಬ ವಿಚಾರ ಕಡತದಲ್ಲೇ ಉಳಿಯುತ್ತದೆ.

ಈ ವಿಚಾರಕ್ಕೆ ದಕ್ಷಿಣ ಬೆಂಗಳೂರಿನ ಮಟ್ಟಿಗೆ ಈಗ ಹೊಸ ಮಹತ್ವ ಬಂದಿದೆ. 2007ರಲ್ಲಿ ರಚನೆಯಾದ ಬಿಬಿಎಂಪಿ ಇಂದು ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಜಯನಗರ, ಬಿಟಿಎಂ ಬಡಾವಣೆಗಳು ದಕ್ಷಿಣ ಪಾಲಿಕೆಯ ಪಾಲಾದವು. ಕಚೇರಿಗಳ ನಾಮಫಲಕ ಬದಲಾಯಿತು. ಕಾಮಗಾರಿಗಳನ್ನು ಅಳೆದು ಬಿಲ್ ಬರೆಯುವ ಪದ್ಧತಿ ಬದಲಾಗಲಿಲ್ಲ.

ಆ ಪದ್ಧತಿಯ ಕೇಂದ್ರದಲ್ಲಿರುವುದು ಅಳತೆ ಪುಸ್ತಕ. ಇಲಾಖೆಯ ಮಾತಿನಲ್ಲಿ ಎಂ.ಬಿ. ಗುತ್ತಿಗೆದಾರ ಮಾಡಿದ ಕೆಲಸದ ಉದ್ದ, ಅಗಲ, ದಪ್ಪಗಳನ್ನು ಸ್ಥಳದಲ್ಲೇ ಅಳೆದು ಸಹಾಯಕ ಎಂಜಿನಿಯರ್ ಇದರಲ್ಲಿ ದಾಖಲಿಸಬೇಕು. ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಪರಿಶೀಲಿಸಬೇಕು. ಕಾರ್ಯಪಾಲಕ ಎಂಜಿನಿಯರ್ ಬಿಲ್ಲಿಗೆ ಒಪ್ಪಿಗೆ ನೀಡಬೇಕು. ಬ್ರಿಟಿಷರ ಕಾಲದ ಲೋಕೋಪಯೋಗಿ ಇಲಾಖೆಯಿಂದ ಬಂದ ಈ ಏರ್ಪಾಡಿನಲ್ಲಿ ಸರ್ಕಾರದ ಪ್ರತಿ ರೂಪಾಯಿಯೂ ಅಂತಿಮವಾಗಿ ಒಬ್ಬ ಕಿರಿಯ ಅಧಿಕಾರಿಯ ಟೇಪು ಮತ್ತು ಸಹಿಯ ಮೇಲೆ ನಿಂತಿದೆ.

ಲೆಕ್ಕವೊಂದನ್ನು ನೋಡಬಹುದು. ಏಳು ಮೀಟರ್ ಅಗಲದ ಒಂದು ಕಿಲೋಮೀಟರ್ ರಸ್ತೆಗೆ 40 ಮಿಲಿಮೀಟರ್ ಡಾಂಬರಿನ ಮೇಲ್ಪದರ ಹಾಕಬೇಕಿದೆ ಎಂದುಕೊಳ್ಳೋಣ. ಹಾಕಿದ್ದು 30 ಮಿಲಿಮೀಟರ್ ಆದರೆ ಉಳಿದ ಮಿಶ್ರಣ 70 ಘನ ಮೀಟರ್. ತೂಕದಲ್ಲಿ ಸುಮಾರು 160 ಟನ್. ಹತ್ತು ಟನ್ ಹೊರುವ ಹದಿನಾರು ಲಾರಿಗಳ ಸರಕು ರಸ್ತೆಗೆ ಬರಲೇ ಇಲ್ಲ ಎಂದರ್ಥ. ನಡೆದು ಹೋಗುವವನ ಕಣ್ಣಿಗಾಗಲಿ, ಮರುದಿನ ಉದ್ಘಾಟಿಸುವ ಜನಪ್ರತಿನಿಧಿಯ ಕಣ್ಣಿಗಾಗಲಿ ಈ ಒಂದು ಸೆಂಟಿಮೀಟರ್ ಕಾಣದು. ಅದು ಕಾಣುವುದು ರಸ್ತೆಯನ್ನು ಕೊರೆದು ತುಣುಕು ತೆಗೆದಾಗ, ಇಲ್ಲವೇ ಎರಡನೆಯ ಮಳೆಗಾಲದಲ್ಲಿ.

ಹಾಗಾಗಿ ಪದರ ಹಾಸುವ ಹೊತ್ತಿನಲ್ಲೇ ಎಂಜಿನಿಯರ್ ಸ್ಥಳದಲ್ಲಿರಬೇಕು. ಬಿಸಿ ಮಿಶ್ರಣದ ಉಷ್ಣತೆ ಸುಮಾರು 90 ಡಿಗ್ರಿಗೆ ಇಳಿಯುವ ಮೊದಲೇ ರೋಲರ್ ಕೆಲಸ ಮುಗಿಯಬೇಕು. ತಣ್ಣಗಾದ ಮೇಲೆ ಎಷ್ಟು ಉರುಳಿಸಿದರೂ ಪದರ ಗಟ್ಟಿಯಾಗದು. ವಾಹನ ದಟ್ಟಣೆಯ ಕಾರಣ ಬನ್ನೇರುಘಟ್ಟ ರಸ್ತೆಯಂಥ ಕಡೆ ಈ ಕೆಲಸ ನಡೆಯುವುದು ರಾತ್ರಿ. ಹಗಲೆಲ್ಲ ಕಚೇರಿಯ ಸಭೆ, ಶಾಸಕರ ಕರೆ, ಸಾರ್ವಜನಿಕರ ದೂರು, ನ್ಯಾಯಾಲಯದ ವರದಿ. ಒಬ್ಬನೇ ಎಂಜಿನಿಯರ್ ಹೆಗಲ ಮೇಲೆ ಚರಂಡಿ, ಪಾದಚಾರಿ ಮಾರ್ಗ, ಉದ್ಯಾನದ ಗೋಡೆ, ರಸ್ತೆ ಎಲ್ಲವೂ ಒಟ್ಟಿಗೆ ಬಿದ್ದಿರುವಾಗ ಅಳತೆ ಪುಸ್ತಕ ಸ್ಥಳ ಬಿಟ್ಟು ಮೇಜಿಗೆ ಬರುತ್ತದೆ. ಗುತ್ತಿಗೆದಾರನ ಕಡೆಯವರು ಬರೆದುಕೊಟ್ಟ ಅಂಕಿಗಳು ಸರ್ಕಾರದ ಅಂಕಿಗಳಾಗುವುದು ಅಲ್ಲಿ. ಇದು ಕೆಲವರ ವಿಷಯದಲ್ಲಿ ಲಂಚ, ಕೆಲವರ ವಿಷಯದಲ್ಲಿ ಆಯಾಸ. ತನಿಖೆಯ ಕಡತದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ.

ಕಾಂಕ್ರೀಟಿನ ಕಥೆಯೂ ಹೆಚ್ಚು ಬೇರೆಯಲ್ಲ. ಭಾರತೀಯ ಮಾನಕ ಐಎಸ್ 456ರ ಪ್ರಕಾರ 50 ಘನ ಮೀಟರ್ ಕಾಂಕ್ರೀಟಿಗೆ ನಾಲ್ಕು ಮಾದರಿ ತೆಗೆಯಬೇಕು. ಪ್ರತಿ ಮಾದರಿಗೆ ಮೂರು ಕ್ಯೂಬ್. ಅವುಗಳ ಪೂರ್ಣ ಬಲ ತಿಳಿಯುವುದು 28 ದಿನಗಳ ನಂತರ. ಅಷ್ಟರಲ್ಲಿ ಮೇಲಿನ ಕೆಲಸ ಮುಂದೆ ಸಾಗಿರುತ್ತದೆ. ಕ್ಯೂಬ್ ಸೋತಿತೆಂದು ಕಟ್ಟಿದ್ದನ್ನು ಒಡೆಸುವ ಅಧಿಕಾರ ನಿಯಮದಲ್ಲಿ ಎಂಜಿನಿಯರ್‌ಗೆ ಇದೆ. ಚಲಾಯಿಸಿದವರ ಸಂಖ್ಯೆ ಬಲು ಕಡಿಮೆ. ಚಲಾಯಿಸಿದ ಮೇಲೆ ಅದೇ ಹುದ್ದೆಯಲ್ಲಿ ಉಳಿದವರ ಸಂಖ್ಯೆ ಇನ್ನೂ ಕಡಿಮೆ ಇರಬೇಕು.

ಪ್ರತಿ ಸೆಪ್ಟೆಂಬರ್ 15ರಂದು ಎಂಜಿನಿಯರುಗಳ ದಿನಾಚರಣೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಾಮಾಣಿಕತೆಯನ್ನು ಕೊಂಡಾಡುವುದು ವಾಡಿಕೆ. ಅವರು 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನ್. ಅವರ ಮಾತಿಗೆ ಅಧಿಕಾರದ ಬೆಂಬಲವಿತ್ತು ಎಂಬುದನ್ನು ಭಾಷಣಕಾರರು ಹೇಳುವುದಿಲ್ಲ. ವರ್ಗಾವಣೆಯ ಪಟ್ಟಿ ಯಾವ ದಿನ ಬಂದೀತೋ ಎಂದು ಕಾಯುವ ವಾರ್ಡ್ ಎಂಜಿನಿಯರ್‌ಗೆ ಆ ಆದರ್ಶವನ್ನು ಮಾತ್ರ ದಾಟಿಸಲಾಗಿದೆ.

ಇನ್ನು ಟೆಂಡರ್. 1999ರ ಪಾರದರ್ಶಕತೆ ಕಾಯ್ದೆಯ ನಂತರ ಸರ್ಕಾರಿ ಖರೀದಿಗೆ ಒಂದು ಶಿಸ್ತು ಬಂದಿತೆಂಬುದು ನಿಜ. ಆದರೆ ಅತಿ ಕಡಿಮೆ ದರ ಕೂಗಿದವನಿಗೇ ಕೆಲಸ ಎಂಬ ನಿಯಮದ ನೆರಳಿನಲ್ಲಿ ಅಂದಾಜು ಮೊತ್ತಕ್ಕಿಂತ ತೀರಾ ಕೆಳಗಿನ ದರಕ್ಕೆ ಗುತ್ತಿಗೆ ಹಿಡಿಯುವವರಿದ್ದಾರೆ. ದರಪಟ್ಟಿಯೇ ಉಬ್ಬಿತ್ತೋ ಅಥವಾ ಸಾಮಗ್ರಿಯೇ ಕಡಿಮೆಯಾಗಲಿದೆಯೋ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದುದು ಟೆಂಡರ್ ಸಮಿತಿಯಲ್ಲಿ. ಸಿಗುವುದು ರಸ್ತೆಯ ಮೇಲೆ. ಜತೆಗೆ ಬಿಲ್ ಬಾಕಿ. ಕೆಲಸ ಮುಗಿಸಿ ಎರಡು ಮೂರು ವರ್ಷ ಹಣಕ್ಕಾಗಿ ಕಾಯುವ ಗುತ್ತಿಗೆದಾರ ಆ ಬಡ್ಡಿಯನ್ನು ತನ್ನ ಜೇಬಿನಿಂದ ಕಟ್ಟುವುದಿಲ್ಲ. ಜಲ್ಲಿ, ಸಿಮೆಂಟಿನಿಂದ ಕಟ್ಟಿಸುತ್ತಾನೆ. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘದ ಅಂದಿನ ಅಧ್ಯಕ್ಷ ಡಿ. ಕೆಂಪಣ್ಣ ಪ್ರಧಾನಿಗೆ ಪತ್ರ ಬರೆದು ಶೇ 40ರಷ್ಟು ಕಮಿಷನ್ ಆರೋಪ ಮಾಡಿದರು. 2023ರಲ್ಲಿ ಹೊಸ ಸರ್ಕಾರ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗ ನೇಮಿಸಿತು. 2025ರ ಮಾರ್ಚಿನಲ್ಲಿ ವರದಿ ಸಲ್ಲಿಕೆಯಾಯಿತು. ಸರ್ಕಾರ ಬದಲಾದರೂ ಬಾಕಿ ಬಿಲ್ಲಿನ ದೂರು ನಿಲ್ಲಲಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು.

ದೊಡ್ಡ ಯೋಜನೆಗಳಲ್ಲಿ ಸ್ಥಳದ ಎಂಜಿನಿಯರ್ ಇನ್ನೂ ಚಿಕ್ಕವನು. ಬನ್ನೇರುಘಟ್ಟ ರಸ್ತೆಯ ಜಯದೇವ ಆಸ್ಪತ್ರೆ ಬಳಿಯ ಮೇಲ್ಸೇತುವೆ 2000ದ ದಶಕದಲ್ಲಿ ಎದ್ದು, 2020ರಲ್ಲಿ ಮೆಟ್ರೊ ಮಾರ್ಗಕ್ಕಾಗಿ ನೆಲಸಮವಾಯಿತು. ಕಟ್ಟಿದವರ ಕೆಲಸದಲ್ಲಿ ದೋಷವಿತ್ತೆಂದಲ್ಲ. ಒಂದು ಸಂಸ್ಥೆಯ ನಕ್ಷೆಯಲ್ಲಿ ಇನ್ನೊಂದು ಸಂಸ್ಥೆಯ ನಾಳೆ ಇರಲಿಲ್ಲ. ಬದಲಿಗೆ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ 3.36 ಕಿ.ಮೀ. ಉದ್ದದ ಎರಡಂತಸ್ತಿನ ಸೇತುವೆ ಬಂದು, ಅದರ ರಸ್ತೆಯ ಒಂದು ಬದಿ 2024ರ ಜುಲೈನಲ್ಲಿ ತೆರೆಯಿತು; ಮೇಲಿನ ಹಳದಿ ಮಾರ್ಗದಲ್ಲಿ 2025ರ ಆಗಸ್ಟಿನಲ್ಲಿ ರೈಲು ಓಡಿತು. ಬಿಟಿಎಂಗೆ ಕೂಗಳತೆಯ ಈಜಿಪುರದಲ್ಲಿ 2017ರಲ್ಲಿ ಆರಂಭವಾದ ಎರಡೂವರೆ ಕಿ.ಮೀ. ಮೇಲ್ಸೇತುವೆಯ ಗುತ್ತಿಗೆ 2022ರಲ್ಲಿ ರದ್ದಾಗಿ, 2023ರಲ್ಲಿ ಬೇರೆಯವರ ಕೈ ಸೇರಿತು. ನಡುವೆ ಬಿಸಿಲು ಮಳೆಗೆ ಒಡ್ಡಿಕೊಂಡು ನಿಂತ ಕಂಬಗಳಿಗೆ ಯಾವ ಅಳತೆ ಪುಸ್ತಕದಲ್ಲೂ ಕಲಂ ಇಲ್ಲ.

ಜಯನಗರದಂಥ ಹಳೆಯ ಬಡಾವಣೆಯಲ್ಲಿ ನೆಲದಡಿಯ ಗೋಜಲು ಬೇರೆ. 1948ರಲ್ಲಿ ಶಂಕುಸ್ಥಾಪನೆಯಾದ ಈ ಬಡಾವಣೆಯ ನೀರು, ಒಳಚರಂಡಿ ಕೊಳವೆಗಳ ಮೇಲೆ ವಿದ್ಯುತ್, ಅನಿಲ, ದೂರಸಂಪರ್ಕದ ಕೇಬಲ್‌ಗಳು ಪದರಪದರವಾಗಿ ಕೂತಿವೆ. ಪಾಲಿಕೆ ಎಂಜಿನಿಯರ್ ಹಾಕಿಸಿದ ರಸ್ತೆಯನ್ನು ಜಲಮಂಡಳಿಯೋ ಬೆಸ್ಕಾಂ ಸಂಸ್ಥೆಯೋ ಅಗೆದು ಮಣ್ಣು ಮುಚ್ಚಿ ಹೋದರೆ ಗುತ್ತಿಗೆದಾರನ ದೋಷ ಹೊಣೆಗಾರಿಕೆ ಅಲ್ಲಿಗೇ ವಿವಾದಕ್ಕೆ ಬೀಳುತ್ತದೆ. ಗುಂಡಿ ತನ್ನದಲ್ಲ ಎಂದು ಅವನು ಪತ್ರ ಬರೆಯುತ್ತಾನೆ. ಅನೇಕ ಸಲ ಅದು ಸರಿಯೂ ಆಗಿರುತ್ತದೆ.

2023ರ ಆಗಸ್ಟ್ 11ರಂದು ಬಿಬಿಎಂಪಿ ಕೇಂದ್ರ ಕಚೇರಿ ಆವರಣದ ಗುಣಮಟ್ಟ ಪರೀಕ್ಷಾ ಪ್ರಯೋಗಾಲಯಕ್ಕೆ ಬೆಂಕಿ ಬಿದ್ದು ಒಂಬತ್ತು ಮಂದಿ ಗಾಯಗೊಂಡರು. ಗುಣಮಟ್ಟ ವಿಭಾಗದ ಮುಖ್ಯ ಎಂಜಿನಿಯರ್ ಅದೇ ತಿಂಗಳು ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಕಾಮಗಾರಿಗಳ ತನಿಖೆಗೆ ಸರ್ಕಾರ ಸಮಿತಿಗಳನ್ನು ರಚಿಸಿದ ಬೆನ್ನಿಗೇ ನಡೆದುದರಿಂದ ರಾಜಕೀಯ ಆರೋಪಗಳು ಹಾರಾಡಿದವು. ಆ ಗದ್ದಲದಲ್ಲಿ ಇಡೀ ನಗರದ ಡಾಂಬರು, ಕಾಂಕ್ರೀಟ್ ಪರೀಕ್ಷಿಸುವವರು ಎಂಥ ಕೊಠಡಿಯಲ್ಲಿ, ಎಂಥ ಸುರಕ್ಷತೆಯಲ್ಲಿ ಕೆಲಸ ಮಾಡುತ್ತಿದ್ದರೆಂಬ ಸಂಗತಿ ಹಿಂದೆ ಸರಿಯಿತು.

ಹೊಸ ದಕ್ಷಿಣ ಪಾಲಿಕೆ ಮಾಡಬಹುದಾದ ಕೆಲಸಗಳು ದುಬಾರಿಯವಲ್ಲ. ಪದರ ಹಾಸುವ ರಾತ್ರಿ ಸ್ಥಳದಲ್ಲಿದ್ದವರ ಹೆಸರು, ರಸ್ತೆ ಕೊರೆದು ತೆಗೆದ ತುಣುಕಿನ ದಪ್ಪ, ಕ್ಯೂಬ್ ಫಲಿತಾಂಶ, ದೋಷ ಹೊಣೆ ಅವಧಿಯ ಕೊನೆಯ ದಿನ ಇವನ್ನು ರಸ್ತೆವಾರು ಪ್ರಕಟಿಸಬಹುದು. ಕಾಮಗಾರಿ ಮುಗಿಯುವವರೆಗೆ ಅದರ ಎಂಜಿನಿಯರ್‌ನನ್ನು ವರ್ಗಾಯಿಸದಿರಬಹುದು. 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಬಿಬಿಎಂಪಿ ಕೌನ್ಸಿಲ್ಲಿಗೆ ಮತ್ತೆ ಚುನಾವಣೆಯೇ ನಡೆಯಲಿಲ್ಲವಾದ್ದರಿಂದ ಈ ದಾಖಲೆ ಕೇಳಬೇಕಿದ್ದ ವಾರ್ಡ್ ಸದಸ್ಯರೂ ಐದು ವರ್ಷ ಇರಲಿಲ್ಲ.

ಸದ್ಯ ಬಿಬಿಎಂಪಿ ಕಾಲದಲ್ಲಿ ಮುಗಿದು ಹೊಣೆ ಅವಧಿ ಇನ್ನೂ ಬಾಕಿ ಇರುವ ಕಾಮಗಾರಿಗಳ ಕಡತಗಳು ಹೊಸ ಪಾಲಿಕೆಗಳಿಗೆ ಹಂಚಿಕೆಯಾಗಿವೆ. ಅಳತೆ ಬರೆದವರಲ್ಲಿ ಕೆಲವರು ಬೇರೆ ಪಾಲಿಕೆಯಲ್ಲಿ, ಎರವಲು ಸೇವೆಯ ಮೇಲೆ ಬಂದಿದ್ದ ಕೆಲವರು ಮಾತೃ ಇಲಾಖೆಯಲ್ಲಿ, ಕೆಲವರು ನಿವೃತ್ತರು. ಮುಂದಿನ ಮಳೆಗೆ ಜೆ.ಪಿ. ನಗರದ ಯಾವುದಾದರೂ ರಸ್ತೆ ಕಿತ್ತುಹೋದರೆ ಕಾರಣ ಕೇಳುವ ನೋಟಿಸ್ ತಲುಪುವುದು ಅಂದು ಆ ಕುರ್ಚಿಯಲ್ಲಿ ಕುಳಿತಿರುವವರಿಗೆ.