ಸಮುದ್ರಕ್ಕೆ ಕೋಟಿ ಕೋಟಿ, ಶಿವಗಂಗೆ ಹಳ್ಳಕ್ಕೆ ಒಂದು ಪೊರಕೆ

ಪ್ಲಾಸ್ಟಿಕ್ ಸಮುದ್ರ ಸೇರದಂತೆ ತಡೆಯಲು ನಮ್ಮ ರಾಜ್ಯ ಒಂದು ಯೋಜನೆ ಮಾಡಿಕೊಂಡಿದೆ. ಹೆಸರು ಕೆ-ಶೋರ್. ಮೊತ್ತ 840 ಕೋಟಿ ರೂಪಾಯಿ. ವಿಶ್ವಬ್ಯಾಂಕಿನ ನೆರವಿದೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಎಂಬ ಮೂರು ಕರಾವಳಿ ಜಿಲ್ಲೆಗಳಿಗಾಗಿ ರೂಪಿಸಿದ್ದು.

ಒಳ್ಳೆಯದೇ. ಮೀನುಗಾರರ ಬಲೆಗೆ ಮೀನಿಗಿಂತ ಕವರೇ ಹೆಚ್ಚು ಬೀಳುವ ಕಾಲ ಇದು. ಕರಾವಳಿಗೆ ಆ ದುಡ್ಡು ಬೇಕು, ಅದಕ್ಕೆ ತಕರಾರಿಲ್ಲ. ತಕರಾರು ಇರುವುದು ಇನ್ನೊಂದಕ್ಕೆ. ಸಮುದ್ರ ಎಂದರೆ ಮಂಗಳೂರು, ಕಾರವಾರ ಮಾತ್ರ ಎಂದು ದುಡ್ಡು ಹಂಚುವವರು ಅಂದುಕೊಂಡಿದ್ದಾರೆ. ದಾಬಸ್‌ಪೇಟೆಗೂ ಸಮುದ್ರಕ್ಕೂ ಏನು ಸಂಬಂಧ ಎಂದು ನಾವೂ ಅಂದುಕೊಂಡಿದ್ದೇವೆ.

ಸಂಬಂಧ ಇದೆ. ನೀರು ಹೋಗುವ ದಾರಿ ನೋಡಿ.

ನಮ್ಮೂರ ಕವರ್ ಹೋಗುವ ದಾರಿ

ಶಿವಗಂಗೆ ಬೆಟ್ಟದಲ್ಲಿ ಕುಮುದ್ವತಿ ಹುಟ್ಟುತ್ತಾಳೆ. ನೆಲಮಂಗಲ, ಮಾಗಡಿ ಸೀಮೆ ದಾಟಿ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುತ್ತಾಳೆ. ಅರ್ಕಾವತಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ ಬೀಳುತ್ತಾಳೆ. ಕಾವೇರಿ ತಮಿಳುನಾಡಿನ ಪೂಂಪುಹಾರ್ ಬಳಿ ಬಂಗಾಳ ಕೊಲ್ಲಿಗೆ.

ಸ್ವಲ್ಪ ಆಚೆ ದೇವರಾಯನದುರ್ಗಕ್ಕೆ ಹೋಗಿ. ಅಲ್ಲಿಂದ ಶಿಂಷಾ ಇಳಿದು ಕಾವೇರಿಗೆ ಹೋಗುತ್ತಾಳೆ. ಜಯಮಂಗಲಿ ಇಳಿದು ಉತ್ತರ ಪಿನಾಕಿನಿ ಸೇರಿ ಆಂಧ್ರ ದಾಟುತ್ತಾಳೆ. ಅದೂ ಬಂಗಾಳ ಕೊಲ್ಲಿಗೇ. ಅಂದರೆ ನಮ್ಮ ಸುತ್ತಲಿನ ಯಾವ ಹಳ್ಳಕ್ಕೆ ಗುಟ್ಕಾ ಚೀಟಿ ಎಸೆದರೂ ಅದರ ದಾರಿ ಪೂರ್ವದ ಕಡಲಿಗೆ. ಪಶ್ಚಿಮ ಕರಾವಳಿಗೆ ಎಷ್ಟು ಕೋಟಿ ಸುರಿದರೂ ನಮ್ಮ ಹಳ್ಳದ ಒಂದು ಕವರನ್ನೂ ಅದು ಹಿಡಿಯುವುದಿಲ್ಲ.

ಕುಮುದ್ವತಿ ವರ್ಷದ ಬಹುಪಾಲು ಒಣಗಿರುತ್ತಾಳೆ, ಕವರ್ ಎಲ್ಲಿ ಹರಿದು ಹೋಗುತ್ತದೆ ಎನ್ನಬೇಡಿ. ಒಣ ಹಳ್ಳವೇ ಹೆಚ್ಚು ಅಪಾಯ. ಎಂಟು ಹತ್ತು ತಿಂಗಳು ಎಸೆದದ್ದೆಲ್ಲ ಹಳ್ಳದಲ್ಲಿ, ರಾಜಕಾಲುವೆಯಲ್ಲಿ, ಮೋರಿ ಬಾಯಲ್ಲಿ ಕೂತಿರುತ್ತದೆ. ಒಂದು ಜೋರು ಮಳೆ ಬಿದ್ದ ರಾತ್ರಿ ಎಲ್ಲವೂ ಒಟ್ಟಿಗೆ ಹೊರಡುತ್ತದೆ. ಒಂದಷ್ಟು ಕೆರೆಗೆ, ಒಂದಷ್ಟು ಹೊಲಕ್ಕೆ, ಕೋಡಿ ಬಿದ್ದರೆ ಮುಂದಿನ ಕೆರೆಗೆ.

ಎಲ್ಲವೂ ಕಡಲು ಮುಟ್ಟುವುದಿಲ್ಲ, ನಿಜ. ತಕರಾರಿನ ಮೂಲ ಅಲ್ಲೇ ಇದೆ.

ಅಳತೆಗೋಲೇ ತಪ್ಪು

ಇವತ್ತು ಜಗತ್ತಿನಲ್ಲಿ ಪ್ಲಾಸ್ಟಿಕ್ ತಡೆಗೆ ಹರಿಯುವ ದೊಡ್ಡ ದುಡ್ಡಿಗೆಲ್ಲ ಒಂದೇ ಹೆಸರು: ಸಾಗರ. 2021ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನ, ನದಿಗಳ ಮೂಲಕ ಸಮುದ್ರ ಸೇರುವ ಪ್ಲಾಸ್ಟಿಕ್‌ನಲ್ಲಿ ಶೇ. 80ರಷ್ಟು ಒಂದು ಸಾವಿರಕ್ಕೂ ಹೆಚ್ಚು ನದಿಗಳಿಂದ ಬರುತ್ತದೆ ಎಂದು ಲೆಕ್ಕ ಹಾಕಿತು. ಅದರಲ್ಲಿ ದೊಡ್ಡ ನದಿಗಳಷ್ಟೇ ಅಲ್ಲ, ಊರುಗಳ ನಡುವೆ ಹರಿಯುವ ಸಣ್ಣ ನದಿಗಳೂ ಇವೆ ಎಂಬುದು ಅದರ ಮುಖ್ಯ ಮಾತು. ಆದರೆ ದುಡ್ಡು ಹಾಕುವವರಿಗೆ ಕಾಣುವುದು ನದಿಯ ಬಾಯಿ. ಅಲ್ಲಿ ಬಲೆ ಕಟ್ಟಿದರೆ, ಯಂತ್ರ ನಿಲ್ಲಿಸಿದರೆ ಫೋಟೋ ಚೆನ್ನಾಗಿ ಬರುತ್ತದೆ. ಇಷ್ಟು ಟನ್ ಹಿಡಿದೆವು ಎಂದು ಬೋರ್ಡು ಹಾಕಬಹುದು.

ಈ ಅಳತೆಯಲ್ಲಿ ಸೋಂಪುರ ಹೋಬಳಿಯ ಹಸುವಿನ ಹೊಟ್ಟೆ ಸೇರಿದ ಕವರಿಗೆ ಬೆಲೆ ಸೊನ್ನೆ. ಅದು ಸಮುದ್ರ ಮುಟ್ಟಲಿಲ್ಲವಲ್ಲ! ತಿಪ್ಪೆಗೆ ಬಿದ್ದು, ಗೊಬ್ಬರದ ಜೊತೆ ರಾಗಿ ಹೊಲ ಸೇರಿ, ನೇಗಿಲಿಗೆ ಸಿಕ್ಕು ಚೂರು ಚೂರಾದ ಕವರಿಗೂ ಸೊನ್ನೆ. ಸಂಜೆ ಮನೆ ಮುಂದೆ ತೆಂಗಿನ ಗರಿ ಜೊತೆ ಸುಟ್ಟು, ಹೊಗೆಯಾಗಿ ನಮ್ಮ ಮಕ್ಕಳ ಎದೆ ಸೇರಿದ ಕವರಿಗೂ ಸೊನ್ನೆ. ಸಮುದ್ರದ ಆಮೆ ತಿಂದರೆ ಸುದ್ದಿ, ನಮ್ಮ ಸೀಮೆಹಸು ತಿಂದರೆ ಅದು ರೈತನ ನಷ್ಟ ಮಾತ್ರ.

ನಮ್ಮ ಕೇಳಿಕೆ ಸರಳ: ಪ್ಲಾಸ್ಟಿಕ್ ಸಮುದ್ರಕ್ಕೆ ಹೋಗದಂತೆ ತಡೆಯುವ ದುಡ್ಡು, ಅದು ಮನೆ ಬಾಗಿಲಿನಿಂದ ಹಳ್ಳಕ್ಕೆ ಇಳಿಯುವ ಮೊದಲೇ ಖರ್ಚಾಗಬೇಕು. ಬಾಗಿಲಲ್ಲೇ ಹಿಡಿದ ಪ್ಲಾಸ್ಟಿಕ್ ಒಣಗಿರುತ್ತದೆ, ಬೇರ್ಪಡಿಸಬಹುದು, ಮಾರಬಹುದು. ನದಿಯ ಬಾಯಲ್ಲಿ ಹಿಡಿದದ್ದು ಕೆಸರು, ಕಸ ಸೇರಿ ಮುದ್ದೆಯಾಗಿರುತ್ತದೆ. ಅದನ್ನು ತೊಳೆದು, ಒಣಗಿಸಿ, ಬೇರ್ಪಡಿಸುವ ಖರ್ಚು ಬೇರೆ. ಹೆಚ್ಚಿನದು ಕೊನೆಗೆ ಹೂಳುವುದಕ್ಕೋ ಸುಡುವುದಕ್ಕೋ ಹೋಗುತ್ತದೆ.

ನಮ್ಮ ಪಾಲಿಗೆ ಬರುವುದೆಷ್ಟು?

ಹಳ್ಳಿಗಳ ಕಸಕ್ಕೆ ಕೇಂದ್ರದ ಸ್ವಚ್ಛ ಭಾರತ್ ಮಿಷನ್ ಗ್ರಾಮೀಣ ಎರಡನೇ ಹಂತದಲ್ಲಿ ದುಡ್ಡಿದೆ. ಲೆಕ್ಕ ಹೀಗಿದೆ: 5,000 ಜನಸಂಖ್ಯೆವರೆಗಿನ ಹಳ್ಳಿಗೆ ಘನತ್ಯಾಜ್ಯಕ್ಕಾಗಿ ತಲೆಗೆ 60 ರೂಪಾಯಿ. ಅದಕ್ಕಿಂತ ದೊಡ್ಡ ಹಳ್ಳಿಗೆ ತಲೆಗೆ 45 ರೂಪಾಯಿ. ಪ್ಲಾಸ್ಟಿಕ್ ನಿರ್ವಹಣಾ ಘಟಕಕ್ಕೆ ಒಂದು ಬ್ಲಾಕಿಗೆ ಹೆಚ್ಚೆಂದರೆ 16 ಲಕ್ಷ.

ಮೂರು ಸಾವಿರ ಜನರ ಹಳ್ಳಿಗೆ 1 ಲಕ್ಷ 80 ಸಾವಿರ ಆಯಿತು. ವರ್ಷಕ್ಕಲ್ಲ, ಒಂದೇ ಸಲ. ತಲೆಗೆ 60 ರೂಪಾಯಿಗೆ ಹೆದ್ದಾರಿ ಬದಿಯ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ ಬಂದರೆ ಹೆಚ್ಚು.

ಇದರಲ್ಲಿ ಶೆಡ್ಡು ಕಟ್ಟಬಹುದು, ಬಕೆಟ್ ಹಂಚಬಹುದು. ಕಸದ ಗಾಡಿಯ ಡೀಸೆಲ್, ಅದನ್ನು ಓಡಿಸುವ, ಕಸ ಬೇರ್ಪಡಿಸುವ ಹೆಣ್ಣುಮಕ್ಕಳ ಸಂಬಳ ಯಾರು ಕೊಡಬೇಕು? ಪಂಚಾಯಿತಿ. ಹಣಕಾಸು ಆಯೋಗದ ಅನುದಾನದಿಂದ ಅಥವಾ ಮನೆ ಮನೆಯಿಂದ ವಸೂಲಿ ಮಾಡಿ. ಅದೇ ಅನುದಾನದಲ್ಲಿ ಬೋರ್‌ವೆಲ್ ಮೋಟರ್ ರಿಪೇರಿ, ಪೈಪ್‌ಲೈನ್, ಚರಂಡಿ ಎಲ್ಲ ಆಗಬೇಕು. ಬೇಸಿಗೆಯಲ್ಲಿ ಮೋಟರ್ ಸುಟ್ಟರೆ ಯಾವ ಪಂಚಾಯಿತಿ ಕಸದ ಗಾಡಿಗೆ ಡೀಸೆಲ್ ಹಾಕಿಸುತ್ತದೆ ಹೇಳಿ?

ಸ್ವಚ್ಛ ವಾಹಿನಿ ಗಾಡಿಗಳನ್ನು ಓಡಿಸಲು ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟದ್ದು ಈ ರಾಜ್ಯದ ಒಳ್ಳೆಯ ಕೆಲಸಗಳಲ್ಲಿ ಒಂದು. ಆದರೆ ಗಾಡಿ ಕೊಡುವುದು ಒಂದು ದಿನದ ಸಮಾರಂಭ. ಓಡಿಸುವುದು ದಿನದಿನದ ಖರ್ಚು.

ಇನ್ನೊಂದು ಲೆಕ್ಕ. ರಾಜ್ಯದಲ್ಲಿ 5,900ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಿವೆ. 840 ಕೋಟಿಯನ್ನು ಎಲ್ಲಕ್ಕೂ ಹಂಚಿದರೆ ತಲಾ ಸುಮಾರು 14 ಲಕ್ಷ. ಕರಾವಳಿಯ ದುಡ್ಡು ಕಿತ್ತು ಇಲ್ಲಿಗೆ ಕೊಡಿ ಎನ್ನುತ್ತಿಲ್ಲ. ಅಷ್ಟೇ ಮೊತ್ತದ ಇನ್ನೊಂದು ಯೋಜನೆ ಕಾವೇರಿ ಜಲಾನಯನದ ಹಳ್ಳಿಗಳಿಗೆ ಯಾಕಿಲ್ಲ ಎಂದು ಕೇಳುತ್ತಿದ್ದೇವೆ. ಕುಮುದ್ವತಿ ನೀರು ಸೇರುವ ತಿಪ್ಪಗೊಂಡನಹಳ್ಳಿ ಜಲಾಶಯ 1933ರಿಂದ ದಶಕಗಳ ಕಾಲ ಬೆಂಗಳೂರಿಗೆ ನೀರು ಕುಡಿಸಿತು. ಅದರ ಜಲಾನಯನ ರಕ್ಷಣೆಗೆಂದು 2003ರಲ್ಲಿ ಸರ್ಕಾರ ಅಧಿಸೂಚನೆಯನ್ನೂ ಹೊರಡಿಸಿತು. ರಕ್ಷಣೆಯ ಜವಾಬ್ದಾರಿ ನಮ್ಮದು, ದುಡ್ಡು ಮಾತ್ರ ಇಲ್ಲ.

ಇತ್ತ ಬೆಂಗಳೂರಿನ ಕಸ ಮಾತ್ರ ಹಳ್ಳಿ ದಾರಿ ಚೆನ್ನಾಗಿ ಕಲಿತಿದೆ. ಮಾವಳ್ಳಿಪುರ, ಮಂಡೂರು ಆಯಿತು. ನಮ್ಮದೇ ಜಿಲ್ಲೆಯ ದೊಡ್ಡಬಳ್ಳಾಪುರ ತಾಲ್ಲೂಕಿನ ಗುಂಡ್ಲಹಳ್ಳಿ, ಚಿಗರೇನಹಳ್ಳಿಗಳೂ ಆದವು. ಲಾರಿಯಲ್ಲಿ ಕಸ ಬಂತು. ಅದರ ಹಿಂದೆ ದುಡ್ಡಿನ ಲಾರಿ ಬರಲಿಲ್ಲ.

ಕಂಪನಿ ದುಡ್ಡಿನ ಕಥೆ

ಸರ್ಕಾರದ ಬಳಿ ದುಡ್ಡಿಲ್ಲ, ಖಾಸಗಿಯವರು ಕೊಡಲಿ ಎನ್ನುವವರಿದ್ದಾರೆ. ಅದನ್ನೂ ನೋಡೋಣ.

2019ರ ಜನವರಿಯಲ್ಲಿ ತೈಲ, ರಾಸಾಯನಿಕ ಮತ್ತು ಪ್ಲಾಸ್ಟಿಕ್ ತಯಾರಿಸುವ ದೊಡ್ಡ ಕಂಪನಿಗಳು ಸೇರಿ ಪ್ಲಾಸ್ಟಿಕ್ ತ್ಯಾಜ್ಯ ಕೊನೆಗಾಣಿಸುವ ಒಂದು ಒಕ್ಕೂಟ ಕಟ್ಟಿಕೊಂಡವು. ಐದು ವರ್ಷಕ್ಕೆ 150 ಕೋಟಿ ಡಾಲರ್ ಎಂಬ ಮಾತು ಕೊಟ್ಟವು. ಅವರು ಬೆಂಬಲಿಸಿದ, ಕಾಶಿಯಲ್ಲಿ ಗಂಗೆಯ ಪ್ಲಾಸ್ಟಿಕ್ ಎತ್ತುವ ಯೋಜನೆ 2020ರಲ್ಲೇ ನಿಂತಿತು. ಒಂದು ಕಡೆ ಕಸ ಎತ್ತುವ ಮಾತು, ಇನ್ನೊಂದು ಕಡೆ ಪ್ಲಾಸ್ಟಿಕ್ ಕಾರ್ಖಾನೆ ಹೆಚ್ಚಿಸುವ ಕೆಲಸ. ನಲ್ಲಿ ತಿರುಗಿಸಿಟ್ಟು ನೆಲ ಒರೆಸಿದಂತೆ.

2024ರ ಜನವರಿಯಲ್ಲಿ ವಿಶ್ವಬ್ಯಾಂಕ್ 10 ಕೋಟಿ ಡಾಲರಿನ ಒಂದು ಬಾಂಡ್ ತಂದಿತು. ಘಾನಾ ಮತ್ತು ಇಂಡೋನೇಷ್ಯಾದಲ್ಲಿ ಎಷ್ಟು ಪ್ಲಾಸ್ಟಿಕ್ ಸಂಗ್ರಹವಾಗುತ್ತದೋ ಅದಕ್ಕೆ ತಕ್ಕಂತೆ ಹೂಡಿಕೆದಾರರಿಗೆ ಲಾಭ. ಕಸ ಆಯುವವರ ಬೆವರಿಗೆ ಬೆಲೆ ಕಟ್ಟುವ ವಿದ್ಯೆ ದೊಡ್ಡವರಿಗೆ ಗೊತ್ತಿದೆ ಎಂದಾಯಿತು. ಆ ಬೆಲೆಯಲ್ಲಿ ಆಯುವವರ ಕೈಗೆ ಬರುವುದೆಷ್ಟು ಎಂಬುದು ಕೇಳಬೇಕಾದ ಪ್ರಶ್ನೆ.

ನಮ್ಮ ದೇಶದಲ್ಲಿ 2022ರ ಫೆಬ್ರುವರಿಯಿಂದ ಒಂದು ಬಲವಾದ ನಿಯಮ ಇದೆ. ಪ್ಲಾಸ್ಟಿಕ್‌ನಲ್ಲಿ ಸುತ್ತಿ ಮಾರುವ ಕಂಪನಿಯೇ ಅಷ್ಟು ಪ್ಲಾಸ್ಟಿಕ್ ವಾಪಸ್ ಸಂಗ್ರಹಿಸಿ ಸಂಸ್ಕರಣೆ ಮಾಡಿಸಬೇಕು. ತಾನೇ ಮಾಡದಿದ್ದರೆ ಸಂಸ್ಕರಣೆ ಮಾಡಿದವರಿಂದ ಪ್ರಮಾಣಪತ್ರ ಕೊಳ್ಳಬೇಕು. ಕಾಗದದ ಮೇಲೆ ಚೆಂದ. ಆದರೆ 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ತಪಾಸಣೆ ಮಾಡಿದಾಗ ಆರು ಲಕ್ಷಕ್ಕೂ ಹೆಚ್ಚು ನಕಲಿ ಪ್ರಮಾಣಪತ್ರಗಳು ಸಿಕ್ಕವು. ಸಿಕ್ಕಿಬಿದ್ದ ಘಟಕಗಳು ಗುಜರಾತ್, ಮಹಾರಾಷ್ಟ್ರ ಮತ್ತು ನಮ್ಮ ಕರ್ನಾಟಕದವು. ಕವರ್ ಹಳ್ಳದಲ್ಲೇ ಇದೆ, ಸಂಸ್ಕರಣೆ ಆಯಿತು ಎಂಬ ಪತ್ರ ಮಾತ್ರ ಕಂಪನಿಯ ಫೈಲಿನಲ್ಲಿದೆ.

ತಪ್ಪು ಜನರದ್ದಾ?

'ಜನಕ್ಕೆ ಬುದ್ಧಿ ಇಲ್ಲ, ಎಲ್ಲೆಂದರಲ್ಲಿ ಎಸೆಯುತ್ತಾರೆ' ಎಂಬ ಮಾತು ಪ್ರತಿ ಸಭೆಯಲ್ಲೂ ಕೇಳುತ್ತದೆ. ಎಸೆಯುವುದು ತಪ್ಪೇ. ಆದರೆ ಎತ್ತಿಕೊಂಡು ಹೋಗುವ ಗಾಡಿ ವಾರಕ್ಕೊಮ್ಮೆಯೂ ಬರದ ಊರಿನಲ್ಲಿ ಒಂದು ರೂಪಾಯಿ ಶಾಂಪೂ ಪೊಟ್ಟಣವನ್ನು ಜನ ಎಲ್ಲಿಡಬೇಕು? ಸುಡಬೇಕು, ಇಲ್ಲ ಎಸೆಯಬೇಕು.

ಗಮನಿಸಿ ನೋಡಿ. ನಮ್ಮ ಹಳ್ಳದಲ್ಲಿ ನೀರಿನ ಬಾಟಲಿ ಹೆಚ್ಚು ದಿನ ಉಳಿಯುವುದಿಲ್ಲ. ಗುಜರಿಯವರು ಆಯ್ದುಕೊಳ್ಳುತ್ತಾರೆ. ಅದಕ್ಕೆ ಬೆಲೆ ಇದೆ. ಉಳಿಯುವುದು ಚಿಪ್ಸ್ ಪೊಟ್ಟಣ, ಶಾಂಪೂ ಪೊಟ್ಟಣ, ಪಾನ್ ಮಸಾಲ ಚೀಟಿ, ತೆಳು ಕವರ್, ಪಾರ್ಸೆಲ್ ಸಾಂಬಾರಿನ ಚೀಲ. ಇವುಗಳಿಗೆ ಗುಜರಿಯಲ್ಲಿ ಬೆಲೆ ಇಲ್ಲ. ಬುದ್ಧಿಯ ಪ್ರಶ್ನೆ ಅಲ್ಲ ಇದು, ಬೆಲೆಯ ಪ್ರಶ್ನೆ. ಯೋಜನೆಯ ದುಡ್ಡು ಹೋಗಬೇಕಾದದ್ದು ಗುಜರಿಯವರು ಬಿಟ್ಟುಹೋದ ಈ ಮಾಲಿಗೆ.

ಇನ್ನು ಕಾನೂನು. ಕರ್ನಾಟಕ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಫ್ಲೆಕ್ಸ್ ನಿಷೇಧಿಸಿತು. 2022ರ ಜುಲೈ 1ರಿಂದ ಕೇಂದ್ರವೂ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳನ್ನು ನಿಷೇಧಿಸಿತು. ಪಾನ್ ಮಸಾಲ, ತಂಬಾಕನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಾರಬಾರದು ಎಂದು 2016ರ ಕೇಂದ್ರ ನಿಯಮವೇ ಹೇಳುತ್ತದೆ. ನಿಮ್ಮೂರ ಪೆಟ್ಟಿಗೆ ಅಂಗಡಿ ಮುಂದೆ ಸರ ಸರವಾಗಿ ನೇತಾಡುತ್ತಿರುವುದು ಏನು? ದಂಡ ಬೀಳುವುದು ಕವರಿನಲ್ಲಿ ಸೊಪ್ಪು ಕೊಟ್ಟ ಅಜ್ಜಿಗೆ. ಚೀಟಿ ತಯಾರಿಸಿದ ಕಾರ್ಖಾನೆಗಲ್ಲ. ನಿಷೇಧದ ಫ್ಲೆಕ್ಸಿನಲ್ಲಿ ನಾಯಕರ ಹುಟ್ಟುಹಬ್ಬದ ಶುಭಾಶಯ ಮಾತ್ರ ತಪ್ಪದೆ ರಾರಾಜಿಸುತ್ತದೆ.

ಆಗುವ ಕೆಲಸ ಇದೆ

ಬರೀ ಬೈದರೆ ಆಗದು. ಉಡುಪಿ ಜಿಲ್ಲೆಯ ಕಾರ್ಕಳದ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣಕಸ ಬೇರ್ಪಡಿಸುವ ಘಟಕ ಇದೆ. ಸುತ್ತಲಿನ ಹಲವು ಗ್ರಾಮ ಪಂಚಾಯಿತಿಗಳ ಕಸ ಒಂದೇ ಕಡೆ ಸೇರುತ್ತದೆ. ಒಂದು ಪಂಚಾಯಿತಿಯ ಎರಡು ಮೂಟೆ ಕವರಿಗೆ ಯಾರೂ ಲಾರಿ ಕಳಿಸುವುದಿಲ್ಲ. ಹತ್ತಾರು ಪಂಚಾಯಿತಿ ಸೇರಿದರೆ ಲಾರಿ ತುಂಬುತ್ತದೆ, ಮಾರಾಟವಾಗದ ಪ್ಲಾಸ್ಟಿಕ್ ಕೂಡ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹೋಗುತ್ತದೆ. ನೆಲಮಂಗಲ ತಾಲ್ಲೂಕಿಗೆ ಬೇಕಾದದ್ದು ಇಂಥ ಘಟಕ, ಜೊತೆಗೆ ಅದನ್ನು ಐದು ವರ್ಷ ನಡೆಸುವ ಖರ್ಚು.

ತಮಿಳುನಾಡಿನ ನೀಲಗಿರಿಯಲ್ಲಿ 2022ರಿಂದ ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚು ತೆಗೆದುಕೊಂಡು, ಖಾಲಿ ಬಾಟಲಿ ತಂದರೆ ವಾಪಸ್ ಕೊಡುತ್ತಾರೆ. ಗೋಲಿ ಸೋಡಾ ಕುಡಿದು ಬಾಟಲಿ ವಾಪಸ್ ಕೊಟ್ಟು ಬೆಳೆದ ನಮಗೆ ಇದು ಹೊಸದೇನಲ್ಲ. ನಮ್ಮ ರಾಜ್ಯದಲ್ಲಿ ಮದ್ಯದ ಪ್ರತಿ ಪೆಟ್ಟಿಗೆಯೂ ಸರ್ಕಾರದ ಪಾನೀಯ ನಿಗಮದ ಮೂಲಕವೇ ಹೋಗುತ್ತದೆ. ಕೆರೆ ಏರಿ ಮೇಲೆ ಬಿದ್ದಿರುವ ಪೌಚುಗಳಿಗೂ ಬಾಟಲಿಗಳಿಗೂ ಸರ್ಕಾರ ನಾಳೆಯೇ ಇದನ್ನು ಜಾರಿಗೆ ತರಬಹುದು. ಮನಸ್ಸು ಬೇಕು.

ಸೋಂಪುರ ಕೈಗಾರಿಕಾ ಪ್ರದೇಶದ ದೊಡ್ಡ ಕಂಪನಿಗಳಿಗೆ ಕಂಪನಿ ಕಾಯ್ದೆ 2013ರ ಪ್ರಕಾರ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡುವ ಹೊಣೆ ಇದೆ. ತಾವು ಇರುವ ಜಾಗಕ್ಕೆ ಆದ್ಯತೆ ಕೊಡಬೇಕು ಎಂದು ಕಾಯ್ದೆಯೇ ಹೇಳುತ್ತದೆ. ದೂರದ ಕಡಲತೀರದಲ್ಲಿ ಟೀ ಶರ್ಟ್ ಹಾಕಿಕೊಂಡು ಒಂದು ಬೆಳಗ್ಗೆ ಕಸ ಆಯುವುದಕ್ಕಿಂತ, ಇಲ್ಲಿನ ಕಸದ ಗಾಡಿಗೆ ಒಂದು ವರ್ಷದ ಡೀಸೆಲ್ ಹಾಕಿಸುವುದು ಸಮುದ್ರಕ್ಕೆ ದೊಡ್ಡ ಸೇವೆ.

ಗ್ರಾಮಸಭೆಯಲ್ಲಿ ಕೇಳಿ

ಮುಂದಿನ ಗ್ರಾಮಸಭೆಗೆ ಹೋದಾಗ ಪಿಡಿಒ ಅವರನ್ನು, ಅಧ್ಯಕ್ಷರನ್ನು ಈ ನಾಲ್ಕು ಕೇಳಿ. ಉತ್ತರವನ್ನು ನಡಾವಳಿಯಲ್ಲಿ ಬರೆಸಿ.

1. ಸ್ವಚ್ಛ ಭಾರತ್ ಎರಡನೇ ಹಂತದಲ್ಲಿ ನಮ್ಮ ಪಂಚಾಯಿತಿಗೆ ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು?

2. ಕಸದ ಗಾಡಿ ತಿಂಗಳಿಗೆ ಎಷ್ಟು ದಿನ ಓಡಿದೆ? ಓಡಿಸುವ, ಬೇರ್ಪಡಿಸುವ ಹೆಣ್ಣುಮಕ್ಕಳಿಗೆ ಎಷ್ಟು ತಿಂಗಳ ಸಂಬಳ ಬಾಕಿ ಇದೆ?

3. ಬೇರ್ಪಡಿಸಿದ ಪ್ಲಾಸ್ಟಿಕ್ ಎಷ್ಟು ಕೆಜಿ, ಯಾರಿಗೆ ಹೋಯಿತು? ಅದರ ಲೆಕ್ಕದಲ್ಲಿ ಯಾವುದಾದರೂ ಕಂಪನಿ ಪ್ರಮಾಣಪತ್ರ ಪಡೆದಿದ್ದರೆ ಪಂಚಾಯಿತಿಗೆ ಬಂದ ಪಾಲೆಷ್ಟು?

4. ಪೊಟ್ಟಣಗಳಿಗೂ ಕೆಜಿಗೆ ಇಷ್ಟು ಎಂದು ದರ ಕೊಡಬೇಕು, ಕಾವೇರಿ ಜಲಾನಯನದ ಹಳ್ಳಿಗಳಿಗೂ ಕರಾವಳಿಯಂತೆ ಯೋಜನೆ ಬೇಕು ಎಂದು ನಿರ್ಣಯ ಮಾಡಿ ಜಿಲ್ಲಾ ಪಂಚಾಯಿತಿಗೆ ಕಳಿಸುತ್ತೀರಾ?

ನಾಲ್ಕನೆಯದು ಮುಖ್ಯ. ಒಂದು ಪಂಚಾಯಿತಿ ಬರೆದರೆ ಕಡತದಲ್ಲಿ ಮಲಗುತ್ತದೆ. ಕುಮುದ್ವತಿ ದಡದ ಎಲ್ಲ ಪಂಚಾಯಿತಿ ಬರೆದರೆ ಶಾಸಕರು ಸದನದಲ್ಲಿ ಬಾಯಿ ಬಿಡಲೇಬೇಕಾಗುತ್ತದೆ. ನಿಮ್ಮ ಪಂಚಾಯಿತಿ ಕೊಟ್ಟ ಉತ್ತರವನ್ನು ಫೋಟೋ ತೆಗೆದು ನಮಗೆ ಕಳಿಸಿ, ಊರು ಊರಿನ ಲೆಕ್ಕ ಇಲ್ಲೇ ಹಾಕುತ್ತೇವೆ. ಹಿಂಗಾರು ಮಳೆ ಹಳ್ಳ ತೊಳೆದುಕೊಂಡು ಹೋಗುವುದರ ಒಳಗೆ ಈ ಕೆಲಸ ಆಗಲಿ.