170 ಕೋಟಿ ಗಂಟುಗಳ ರತ್ನಗಂಬಳಿ

ಮಕ್ಕಳೇ, ಈ ವಾರ ಸಮುದ್ರದಾಚೆ ಹೋಗಿ ಬರೋಣ. ಒಮಾನ್ ದೇಶದ ರಾಜಧಾನಿ ಮಸ್ಕತ್‌ನಲ್ಲಿ ಸುಲ್ತಾನ್ ಕಾಬೂಸ್ ಮಹಾಮಸೀದಿ ಇದೆ. ಅದು ಉದ್ಘಾಟನೆಯಾದದ್ದು 2001ರಲ್ಲಿ. ಅದನ್ನು ಕಟ್ಟಲು ಬಳಸಿದ ಸುಮಾರು 3 ಲಕ್ಷ ಟನ್ ಮರಳುಗಲ್ಲು ಹಡಗೇರಿ ಹೋದದ್ದು ನಮ್ಮ ಭಾರತದಿಂದಲೇ! ಮಸೀದಿಗೆ ಐದು ಮಿನಾರುಗಳು. ಅವು ಇಸ್ಲಾಮಿನ ಐದು ಮುಖ್ಯ ಕರ್ತವ್ಯಗಳ ಗುರುತು. ಎಲ್ಲಕ್ಕಿಂತ ಎತ್ತರದ್ದು ಸುಮಾರು 90 ಮೀಟರ್.

ಶುಕ್ರವಾರ ಬಿಟ್ಟು ಉಳಿದ ದಿನ, ಬೆಳಗಿನ ಹೊತ್ತು ಬೇರೆ ಧರ್ಮದವರೂ ಒಳಗೆ ಹೋಗಿ ನೋಡಬಹುದು. ನಾನು ಹೋದದ್ದು ಏಳನೇ ತರಗತಿಯ ಮೊಮ್ಮಗಳ ಜೊತೆ. ಹೆಂಗಸರು ಮೈತುಂಬ ಬಟ್ಟೆ ತೊಟ್ಟು ತಲೆಗೂ ಹೊದೆಯಬೇಕು. ಗಂಡಸರಿಗೂ ಅಷ್ಟೇ, ಚಡ್ಡಿ ನಡೆಯುವುದಿಲ್ಲ.

"ಇಷ್ಟು ಸೆಖೆಯಲ್ಲಿ ತಲೆಗೆ ಬಟ್ಟೆ ಯಾಕಜ್ಜಿ?" ಎಂದು ಮೊಮ್ಮಗಳು ಗೊಣಗಿದಳು.

"ಧರ್ಮಸ್ಥಳದಲ್ಲಿ ನಿಮ್ಮಪ್ಪ ಅಂಗಿ ತೆಗೆದು ಒಳಗೆ ಹೋಗಲಿಲ್ಲವಾ? ಅಮೃತಸರದಲ್ಲಿ ಎಲ್ಲರೂ ತಲೆ ಮುಚ್ಚಿಕೊಳ್ಳುತ್ತಾರೆ. ಯಾರ ಮನೆಗೆ ಹೋಗುತ್ತೇವೋ ಆ ಮನೆಯ ರೀತಿಯಲ್ಲಿ ನಡೆದುಕೊಳ್ಳಬೇಕು ಪುಟ್ಟಿ" ಎಂದೆ.

ಚಪ್ಪಲಿ ಬಿಟ್ಟು ದೊಡ್ಡ ಪ್ರಾರ್ಥನಾ ಮಂದಿರಕ್ಕೆ ಕಾಲಿಟ್ಟೆವು. ನೆತ್ತಿಯ ಮೇಲೆ 14 ಮೀಟರ್ ಎತ್ತರದ ದೀಪಗುಚ್ಛ. ಕೆಳಗೆ ಮಂದಿರದ ತುಂಬ ಒಂದೇ ರತ್ನಗಂಬಳಿ! ಉದ್ದ 70 ಮೀಟರ್, ಅಗಲ 60 ಮೀಟರ್. ತೂಕ 21 ಟನ್, ಅಂದರೆ ನಾಲ್ಕೈದು ಆನೆಗಳಷ್ಟು. ಅದರಲ್ಲಿ 28 ಬಣ್ಣಗಳಿವೆ. ಹೆಚ್ಚಿನವು ಗಿಡಮೂಲದ ಬಣ್ಣಗಳು. ಇರಾನಿನಲ್ಲಿ ತುಂಡು ತುಂಡಾಗಿ ನೇಯ್ದು, ಇಲ್ಲಿಗೆ ತಂದು ಜೋಡಿಸಿದ್ದಾರೆ.

ನೋಡಲು ಬಂದವರು ನಡೆಯಲೆಂದು ಅದರ ಮೇಲೆ ನೀಲಿ ಪಟ್ಟಿ ಹಾಸಿದ್ದಾರೆ. ಅದನ್ನು ದಾಟುವಂತಿಲ್ಲ.

"ಒಂದೇ ಒಂದು ಸಲ ಮೆಟ್ಟಿ ನೋಡ್ಲಾ ಅಜ್ಜಿ? ಎಷ್ಟು ಮೆತ್ತಗಿರಬಹುದು!"

"ಬೇಡಮ್ಮ. ನಮಗೆ ಅದು ಚೆಂದದ ಹಾಸು, ಅವರಿಗೆ ಹಣೆ ಊರಿ ಪ್ರಾರ್ಥಿಸುವ ಜಾಗ."

ಅವಳು ನೀಲಿ ಪಟ್ಟಿಯ ಅಂಚಿನಲ್ಲೇ ಕುಕ್ಕರುಗಾಲಲ್ಲಿ ಕೂತು, ಹೂಬಳ್ಳಿಯ ಚಿತ್ತಾರವನ್ನು ಬಹಳ ಹೊತ್ತು ನೋಡಿದಳು.

ಆ ರತ್ನಗಂಬಳಿಯಲ್ಲಿ ಇರುವುದು 170 ಕೋಟಿ ಗಂಟುಗಳು. ಸುಮಾರು 600 ಮಹಿಳೆಯರು ನಾಲ್ಕು ವರ್ಷ ದುಡಿದರಂತೆ. ಮನೆಗೆ ಬಂದವಳೇ ಮೊಮ್ಮಗಳು ಲೆಕ್ಕ ಹಾಕಿದಳು. ಒಬ್ಬೊಬ್ಬರ ಪಾಲಿಗೆ 28 ಲಕ್ಷ ಗಂಟು! ಒಂದು ದಿನವೂ ರಜೆ ಇಲ್ಲ ಎಂದುಕೊಂಡರೂ ದಿನಕ್ಕೆ 1,900ಕ್ಕಿಂತ ಹೆಚ್ಚು.

"ಅಜ್ಜಿ, ಮೆಟ್ಟದೇ ಇದ್ದದ್ದು ಒಳ್ಳೆಯದಾಯ್ತು" ಎಂದಳು. ನೀಲಿ ಪಟ್ಟಿಯ ಅರ್ಥ ಅವಳಿಗೆ ನನ್ನ ಮಾತಿಗಿಂತ ಆ ಲೆಕ್ಕದಿಂದಲೇ ಚೆನ್ನಾಗಿ ತಿಳಿದಿತ್ತು.

ನಿಮ್ಮ ಮನೆಯಲ್ಲಿ ಅಜ್ಜಿ ಹೊಲಿದ ಕೌದಿ ಇದೆಯೇ ಮಕ್ಕಳೇ? ಈ ಭಾನುವಾರ ಅದನ್ನು ಹರವಿ, ಒಂದು ಗೇಣು ಜಾಗದಲ್ಲಿ ಎಷ್ಟು ಹೊಲಿಗೆಗಳಿವೆ ಎಣಿಸಿ. ಇಡೀ ಕೌದಿಗೆ ಎಷ್ಟಾಗುತ್ತದೆಂದು ಅಜ್ಜಿಯ ಪಕ್ಕದಲ್ಲೇ ಕೂತು ಲೆಕ್ಕ ಹಾಕಿ.