ತಟ್ಟೆ ಬರಿದಾಗಿ ಮರಳುವುದಿಲ್ಲ

ಡಿಸೆಂಬರ್ ಅರ್ಧ ಕಳೆಯಿತೆಂದರೆ ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಬಾಣಲೆ ಒಲೆಯಿಂದ ಇಳಿಯುವುದೇ ಅಪರೂಪ. ನೆವ್ರ್ಯೊ, ಕಿಡಿಯೊ, ಗುಳಿಯೊ, ಕೊಕಿಸಾಂ, ಚಕ್ಕುಲಿ ಇವೆಲ್ಲ ಸೇರಿದರೆ ‘ಕುಸ್ವಾರ್’. ನೆವ್ರಿ ಎಂದರೆ ಬೇರೇನಲ್ಲ, ಕರ್ಜಿಕಾಯಿಯೇ. ಚಕ್ಕುಲಿಯಂತೂ ಕೃಷ್ಣಾಷ್ಟಮಿಗೂ ಸೈ, ಕ್ರಿಸ್‌ಮಸ್ಸಿಗೂ ಸೈ. ಇವನ್ನು ತಟ್ಟೆಯಲ್ಲಿ ಜೋಡಿಸಿ, ಮೇಲೊಂದು ಬಟ್ಟೆ ಮುಚ್ಚಿ, ಮಕ್ಕಳ ಕೈಯಲ್ಲಿ ನೆರೆಮನೆಗಳಿಗೆ ಕಳುಹಿಸುವುದು ರೂಢಿ. ಆ ತಟ್ಟೆ ಬರಿದಾಗಿ ಮರಳುವುದಿಲ್ಲ. ಮನೆಯಲ್ಲಿ ಬೇರೇನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನೋ ಎರಡು ಬಾಳೆಹಣ್ಣನ್ನೋ ಇಟ್ಟೇ ಕೊಡುತ್ತಾರೆ.

ನಂಬಿದ್ದನ್ನು ನೆರೆಯವರೊಡನೆ ಹಂಚಿಕೊಳ್ಳಬೇಕೆಂದು ನಾವು ಕ್ರೈಸ್ತರು ಚರ್ಚಿನಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಹೇಗೆ ಎಂಬುದೇ ಪ್ರಶ್ನೆ. ಇಂದು ಈ ಮಾತೆತ್ತಿದರೆ ಸಂಶಯವೂ ಹಿಂದೆಯೇ ಬರುತ್ತದೆ. ಕಾಯಿಲೆ ಬಿದ್ದವರಿಗೆ ಬುತ್ತಿ ಒಯ್ದರೂ ‘ಇದರ ಹಿಂದೆ ಏನಿದೆಯೋ’ ಎಂದು ನೋಡುವ ಕಣ್ಣುಗಳಿವೆ. ಸಂಶಯ ಪಡುವವರನ್ನು ದೂರಿ ಫಲವಿಲ್ಲ. ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಕೊಟ್ಟಿದೆ. ಆ ಹಕ್ಕಿನೊಳಗೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು 1977ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ಬೇಲಿಯಾಚೆಯ ಮನೆಯ ವಿಷಯಕ್ಕೆ ಬಂದರೆ ಕಾನೂನಿಗಿಂತ ಸೂಕ್ಷ್ಮವಾದ ಅಳತೆಗೋಲೊಂದು ಬೇಕು. ಆ ಮನೆಯವರು ನಮ್ಮ ಧರ್ಮದ ಕಡೆ ಎಂದೂ ತಿರುಗಿ ನೋಡುವವರಲ್ಲ ಎಂದು ಖಚಿತವಾಗಿ ಗೊತ್ತಿದ್ದರೂ ಈ ಬುತ್ತಿ ಹೋಗುತ್ತಿತ್ತೆ? ಹೋಗುತ್ತಿತ್ತು ಎಂದಾದರೆ ಅದು ಪ್ರೀತಿ. ಇಲ್ಲವಾದರೆ ಗಾಳಕ್ಕೆ ಸಿಕ್ಕಿಸಿದ ಎರೆಹುಳು.

ಕ್ರೈಸ್ತರ ಸೇವೆಯೆಂದರೆ ಜನರಿಗೆ ಮೊದಲು ನೆನಪಾಗುವುದು ಶಾಲೆ, ಆಸ್ಪತ್ರೆ. ಜರ್ಮನಿಯಿಂದ ಬಂದ ಫಾದರ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದರು. 1890ರಲ್ಲಿ, ಯಾರೂ ಹತ್ತಿರ ಸೇರಿಸದ ಕುಷ್ಠರೋಗಿಗಳಿಗೂ ಆಸ್ಪತ್ರೆ ಕಟ್ಟಿದರು. ಇದು ದೊಡ್ಡ ಕೆಲಸ, ಸಂದೇಹವಿಲ್ಲ. ಆದರೆ ಆಸ್ಪತ್ರೆಯಲ್ಲಿ ಕೊಡುವವರದು ಒಂದು ಕಡೆ, ಪಡೆಯುವವರದು ಇನ್ನೊಂದು ಕಡೆ. ನೆರೆಮನೆ ಹಾಗಲ್ಲ. ಅಲ್ಲಿ ಸದಾ ಕೊಡುತ್ತಲೇ ಇರುವವರು ದೊಡ್ಡವರಾಗಿಬಿಡುತ್ತಾರೆ; ಪಡೆಯುತ್ತಲೇ ಇರುವವರು ತಲೆ ತಗ್ಗಿಸಬೇಕಾಗುತ್ತದೆ.

ಯೇಸುವಿನ ಚರಿತ್ರೆಯನ್ನೇ ನೋಡಿ. ಆತ ಆತಿಥ್ಯ ನೀಡಿದ್ದಕ್ಕಿಂತ ಪಡೆದದ್ದೇ ಹೆಚ್ಚು. ಕಾನಾ ಊರಿನ ಮದುವೆಗೆ ಕರೆದಾಗ ಹೋದ. ಮಾರ್ಥ ಮತ್ತು ಮರಿಯ ಎಂಬ ಅಕ್ಕತಂಗಿಯರ ಮನೆಯಲ್ಲಿ ಉಳಿದ. ಊರೆಲ್ಲ ದೂರವಿಟ್ಟಿದ್ದ ಸುಂಕದವನಾದ ಜಕ್ಕಾಯನ ಮನೆಗೆ ತಾನಾಗಿಯೇ ಅತಿಥಿಯಾದ. ಸಮಾರ್ಯದ ಹೆಂಗಸಿನ ಪ್ರಸಂಗವಂತೂ ನಮ್ಮ ನಾಡಿನವರಿಗೆ ವಿವರಿಸಬೇಕಾಗಿಯೇ ಇಲ್ಲ. ಯೆಹೂದ್ಯರಿಗೂ ಸಮಾರ್ಯದವರಿಗೂ ಹೊಕ್ಕುಬಳಕೆ ಇಲ್ಲದ ಕಾಲ ಅದು. ನಡುಮಧ್ಯಾಹ್ನ ಬಾವಿಕಟ್ಟೆಯಲ್ಲಿ ಕುಳಿತಿದ್ದ ಯೇಸು ಅವಳಿಗೆ ಉಪದೇಶದಿಂದ ಮಾತು ಆರಂಭಿಸಲಿಲ್ಲ. ಕುಡಿಯಲು ನೀರು ಕೇಳಿದ. ಬಾವಿ, ಕೊಡ, ಮೈಲಿಗೆ ಇವುಗಳ ಕಹಿಯನ್ನು ಕಂಡುಂಡ ನಮಗೆ ಆ ಒಂದು ಬೇಡಿಕೆಯ ಬೆಲೆ ಚೆನ್ನಾಗಿ ಗೊತ್ತು.

ಆದ್ದರಿಂದ ತಟ್ಟೆ ಕಳುಹಿಸುವಷ್ಟೇ ಮುಖ್ಯ, ಬಂದ ತಟ್ಟೆಯನ್ನು ಸ್ವೀಕರಿಸುವುದು. ನಾಗರಪಂಚಮಿಗೆ ಅರಿಶಿನ ಎಲೆಯ ಕಡುಬು ಬರುತ್ತದೆ, ರಂಜಾನಿಗೆ ಬಿರಿಯಾನಿ ಬರುತ್ತದೆ. ದೇವರಿಗೆ ಅರ್ಪಿಸಿದ್ದನ್ನು ತಿನ್ನಬಹುದೇ ಎಂಬ ಹಿಂಜರಿಕೆ ನಮ್ಮವರಲ್ಲಿ ಕೆಲವರಿಗಿದೆ. ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲೇ ಇದು ಚರ್ಚೆಗೆ ಬಂದಿದೆ. ತಿನ್ನುವುದು ಬಿಡುವುದು ಅವರವರ ಮನಸ್ಸಾಕ್ಷಿಗೆ ಸೇರಿದ್ದು. ಆದರೆ ಎರಡೂ ಕೈ ಚಾಚಿ ತೆಗೆದುಕೊಳ್ಳಲು, ಮನೆಯವರ ಕ್ಷೇಮ ವಿಚಾರಿಸಲು ಯಾವ ಅಡ್ಡಿಯೂ ಇಲ್ಲ. ತಿನ್ನಲಾಗದವರು ಅದನ್ನು ನಯವಾಗಿ ಹೇಳಿದರೆ ನೆರೆಯವರು ಅರ್ಥ ಮಾಡಿಕೊಳ್ಳುತ್ತಾರೆ. ಬಾಗಿಲಲ್ಲೇ ಮುಖ ಸಿಂಡರಿಸಿದ್ದನ್ನು ಮಾತ್ರ ಯಾರೂ ಮರೆಯುವುದಿಲ್ಲ.

ಕೊಡುವಾಗಲೂ ಅಷ್ಟೇ ಎಚ್ಚರ ಬೇಕು. ಕೇಕಿನಲ್ಲಿ ಮೊಟ್ಟೆಯಿದೆ, ಕೆಲವೊಮ್ಮೆ ಅದರೊಳಗಿನ ಒಣಹಣ್ಣು ರಮ್ಮಿನಲ್ಲಿ ನೆನೆದದ್ದು. ಸಸ್ಯಾಹಾರಿಗಳಿಗೂ ಮುಸಲ್ಮಾನರಿಗೂ ಅದನ್ನು ಹೇಳದೆ ಕೊಡುವುದು ಪ್ರೀತಿಯಲ್ಲ, ಉದಾಸೀನ. ಅವರಿಗೆಂದು ಚಕ್ಕುಲಿ, ಹಣ್ಣುಗಳ ತಟ್ಟೆ ಬೇರೆಯಾಗಿಯೇ ಹೋಗಲಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಊಟಕ್ಕೆ ಈ ತೊಡಕೇ ಇಲ್ಲ. ಅಂದು ಮಾತೆ ಮರಿಯಳ ಜನ್ಮದಿನ. ಹೊಸ ತೆನೆ ಮನೆಗೆ ಬರುತ್ತದೆ, ಬಾಳೆಲೆಯ ಮೇಲೆ ಸಸ್ಯಾಹಾರವನ್ನೇ ಬಡಿಸುತ್ತಾರೆ. ತುಳುನಾಡಿನ ಹಿಂದೂಗಳಿಗೂ ಹೊಸ ಅಕ್ಕಿಯ ಊಟದ ಹಬ್ಬವಿದೆ. ನೆರೆಯವರನ್ನು ಎಲೆಗೆ ಕರೆಯಲು ಇದಕ್ಕಿಂತ ಒಳ್ಳೆಯ ದಿನ ಯಾವುದು?

ಯೇಸು ತನ್ನ ಶಿಷ್ಯರನ್ನು ಉಪ್ಪಿಗೆ ಹೋಲಿಸಿದ. ವಿಜ್ಞಾನದ ಮೇಷ್ಟ್ರಾದ ನನಗೆ ಈ ಹೋಲಿಕೆ ಬಹಳ ಇಷ್ಟ. ಸಾಧಾರಣ ಉಷ್ಣತೆಯಲ್ಲಿ 100 ಮಿಲಿಲೀಟರ್ ನೀರು ಸುಮಾರು 36 ಗ್ರಾಂ ಉಪ್ಪನ್ನು ಕರಗಿಸಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚು ಸುರಿದರೆ ಎಷ್ಟು ಕದಡಿದರೂ ತಳದಲ್ಲೇ ಕೂರುತ್ತದೆ. ಸಾರಿಗಂತೂ ಒಂದು ಚಿಟಿಕೆ ಸಾಕು. ಉಪ್ಪು ಕಣ್ಣಿಗೆ ಕಾಣಿಸದೆ ರುಚಿಯಲ್ಲಿ ತಿಳಿಯಬೇಕು.

ಹಾಗಾದರೆ ನಂಬಿಕೆಯ ಬಗ್ಗೆ ಬಾಯಿ ಬಿಡಲೇಬಾರದೆ? ಹಾಗಲ್ಲ. ಕೇಳಿದವರಿಗೆ ಮುಚ್ಚುಮರೆಯಿಲ್ಲದೆ, ವಿನಯದಿಂದ ಹೇಳಬೇಕು. ಆದರೆ ಕೇಳಬೇಕೆನ್ನಿಸುವುದು ಹಬ್ಬದ ಒಂದು ದಿನದ ತಟ್ಟೆಯಿಂದಲ್ಲ. ವರ್ಷದ ಉಳಿದ ದಿನಗಳ ನಡತೆಯಿಂದ. ಊರಿಗೆ ಹೋಗುವಾಗ ನಂಬಿ ಬೀಗದ ಕೈ ಕೊಡುವ ಮನೆ ಯಾವುದು? ನಡುರಾತ್ರಿ ಮಗುವಿಗೆ ಜ್ವರ ಏರಿದರೆ ತಟ್ಟುವ ಬಾಗಿಲು ಯಾವುದು? ಸಾವಾದ ಮನೆಯಲ್ಲಿ ಒಲೆ ಹೊತ್ತದ ದಿನ ಗಂಜಿಯ ಪಾತ್ರೆ ಬರುವುದು ಎಲ್ಲಿಂದ? ನೆರೆಯವರು ನಮ್ಮ ಮನೆಯನ್ನು ಹೀಗೆ ನೆನೆಯುವಂತಿದ್ದರೆ, ನಮಗೆ ಕಷ್ಟ ಬಂದ ದಿನ ನಾವೂ ಸಂಕೋಚವಿಲ್ಲದೆ ಅವರ ಬಾಗಿಲು ತಟ್ಟುವಂತಿದ್ದರೆ, ಹೇಳಬೇಕಾದದ್ದರಲ್ಲಿ ಬಹುಪಾಲನ್ನು ಆಗಲೇ ಹೇಳಿದಂತಾಯಿತು.